ನನ್ನ ಮೈಯ ವಿಷ ಮಗನ ಉಬ್ಬಸವಾಯಿತೇ?

ಪ್ರಶ್ನೆ

ನನಗೆ 32 ವರ್ಷ. ತವರು ಬೆಳ್ತಂಗಡಿ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಬೇಲಿ ದಾಟಿದರೆ ಗೇರು ತೋಟ. ನಾನು ಚಿಕ್ಕವಳಿದ್ದಾಗ ಹೆಲಿಕಾಪ್ಟರ್ ಬಂದು ತೋಟದ ಮೇಲೆ ಎಂಡೋಸಲ್ಫಾನ್ ಸುರಿಯುತ್ತಿತ್ತು. ಮಕ್ಕಳೆಲ್ಲ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ತೋಟದ ಕೆಳಗಿನ ತೋಡಿನ ನೀರೇ ಎಲ್ಲದಕ್ಕೂ. ಮದುವೆಯಾಗಿ ಈಗ ಪಕ್ಕದ ತಾಲ್ಲೂಕಿನಲ್ಲಿದ್ದೇನೆ. ಗಂಡನ ಮನೆಯವರಿಗೆ ಅಡಿಕೆ, ಸ್ವಲ್ಪ ರಬ್ಬರ್ ಇದೆ.

ಮಗನಿಗೆ ನಾಲ್ಕು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಶೀತ ಬಂದರೆ ಸಾಕು, ಎದೆ ಸುಂಯ್‌ಗುಡಲು ಶುರು. ಮಳೆಗಾಲದಲ್ಲಂತೂ ತಿಂಗಳಿಗೊಮ್ಮೆ ಆಸ್ಪತ್ರೆ, ನೆಬುಲೈಸರ್. ಮಕ್ಕಳ ಡಾಕ್ಟರು ದಿನಾ ತೆಗೆದುಕೊಳ್ಳಲು ಇನ್‌ಹೇಲರ್ ಬರೆದುಕೊಟ್ಟಿದ್ದಾರೆ. ಅಭ್ಯಾಸವಾಗಿಬಿಡುತ್ತದೆ ಎಂದು ಅತ್ತೆ ಬೇಡವೆನ್ನುತ್ತಾರೆ. ಹಾಗಾಗಿ ಜೋರಾದಾಗ ಮಾತ್ರ ಕೊಡುತ್ತೇವೆ.

ಈಗ ನನಗೆ ಮತ್ತೆ ಆರನೇ ತಿಂಗಳು. ಮೈಯಲ್ಲಿ ಉಳಿದುಬಿಡುವ ರಾಸಾಯನಿಕಗಳು ಬಸಿರಿನಲ್ಲೇ ಮಗುವಿಗೆ ದಾಟಿ ಆಸ್ತಮಾ ತರುತ್ತವೆ ಎಂದು ಮೊನ್ನೆ ಓದಿದೆ. ಆಮೇಲೆ ನಿದ್ದೆಯೇ ಇಲ್ಲ. ಮಗನ ಕಾಯಿಲೆಗೆ ನಾನೇ ಕಾರಣವೇ? ಎರಡನೆಯ ಮಗುವಿಗೂ ಹೀಗೇ ಆಗುತ್ತದೆಯೇ? ನನ್ನ ರಕ್ತ ಪರೀಕ್ಷೆ ಮಾಡಿಸಬೇಕೇ? ಎದೆಹಾಲು ಕೊಡಬಹುದೇ? ಮೀನು ಬಿಟ್ಟಿದ್ದೇನೆ, ನಾನ್‌ಸ್ಟಿಕ್ ಬಾಣಲೆ ಎಸೆದಿದ್ದೇನೆ. ದೇಹ ಶುದ್ಧಿ ಮಾಡುವ ಕಷಾಯವಿದೆ ಎಂದು ಒಬ್ಬರು ಹೇಳಿದ್ದಾರೆ, ಕುಡಿಯಲೇ? ಇನ್ನೊಂದು ಮಾತು: ಮಗ ಸಂಜೆ ಹೊತ್ತು ಅಜ್ಜನ ಜೊತೆ ಬಚ್ಚಲ ಒಲೆಯ ಮುಂದೆ ಕೂತಾಗ ಕೆಮ್ಮು ಹೆಚ್ಚಾಗುತ್ತದೆ. ಅದು ಚಳಿಗೋ ಏನೋ ಗೊತ್ತಿಲ್ಲ.

ಉತ್ತರ

ಉತ್ತರಗಳನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನಿಧಾನವಾಗಿ ಓದಿಕೊಳ್ಳಿ. ಮಗನ ಉಬ್ಬಸದ ಹೊಣೆ ನಿಮ್ಮದಲ್ಲ. ಹುಟ್ಟುವ ಮಗುವಿಗೆ ಎದೆಹಾಲು ಧಾರಾಳವಾಗಿ ಕೊಡಿ. ಮೀನು ಮತ್ತೆ ತಿನ್ನಿ. ರಕ್ತ ಪರೀಕ್ಷೆಗೆ ದುಡ್ಡು ಹಾಕಬೇಡಿ. ಕಷಾಯದ ತಂಟೆಗೆ ಹೋಗಬೇಡಿ. ಇನ್‌ಹೇಲರನ್ನು ಡಾಕ್ಟರು ಹೇಳಿದ ಹಾಗೆ ದಿನಾ ಕೊಡಿ. ಇನ್ನು, ಪತ್ರದ ಕೊನೆಯಲ್ಲಿ ನೆನಪಾಗಿ ಬರೆದಂತಿರುವ ಬಚ್ಚಲ ಒಲೆ ಇದೆಯಲ್ಲ, ಇಡೀ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದು.

ಎಂಡೋಸಲ್ಫಾನ್‌ನಿಂದ ಶುರುಮಾಡೋಣ. ನಿಮ್ಮ ಭಯ ಹುಟ್ಟಿದ್ದು ಅಲ್ಲಿ, ಅದಕ್ಕೆ ಕಾರಣವೂ ಇದೆ. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಆಕಾಶದಿಂದ ಸಿಂಪಡಣೆ ನಡೆಯಿತು. ನಮ್ಮ ಕಡೆ ಕೊಕ್ಕಡ, ನಿಡ್ಲೆ, ಪಟ್ರಮೆಯ ಜನರೂ ಅದನ್ನು ಕಂಡವರೇ. ಕಾಸರಗೋಡು ಜಿಲ್ಲೆಯ ಪಡ್ರೆಯ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವವರ ಕಾಯಿಲೆಗಳಲ್ಲಿ ಏನೋ ಹೆಚ್ಚುಕಡಿಮೆ ಇದೆಯೆಂದು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆ ಅದರ ಬಗ್ಗೆ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಗೆ ಬಂದು ನಡೆಸಿದ ಅಧ್ಯಯನದಲ್ಲಿ, ಅಲ್ಲಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು ಕಂಡುಬಂತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಉಳಿದುಬಿಡುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಅದೇ ವರ್ಷ ಅದು ಸೇರಿತು.

ಇಷ್ಟಾದರೂ ಎರಡು ಸಂಗತಿ ಗಮನಿಸಿ. ಆ ಊರುಗಳಲ್ಲಿ ಮುಖ್ಯವಾಗಿ ಬೆಳಕಿಗೆ ಬಂದದ್ದು ನರದ ತೊಂದರೆಗಳು, ಹುಟ್ಟಿನಿಂದ ಬಂದ ಅಂಗವೈಕಲ್ಯ, ಬುದ್ಧಿ ಮತ್ತು ದೇಹದ ಬೆಳವಣಿಗೆಯ ಸಮಸ್ಯೆಗಳು. ಎರಡನೆಯದಾಗಿ, ಎಂಡೋಸಲ್ಫಾನ್ ಮಣ್ಣಿನಲ್ಲಿ ರೂಪ ಬದಲಿಸಿ ವರ್ಷಗಟ್ಟಲೆ ಉಳಿಯಬಲ್ಲದಾದರೂ ಮನುಷ್ಯನ ದೇಹದಲ್ಲಿ ಅಷ್ಟು ಕಾಲ ನಿಲ್ಲುವುದಿಲ್ಲ. ಒಳಸೇರಿದ ಬಹುಪಾಲು ದಿನಗಳಲ್ಲಿ, ಹೆಚ್ಚೆಂದರೆ ವಾರಗಳಲ್ಲಿ ಹೊರಬೀಳುತ್ತದೆ. ನೀವು ಚಿಕ್ಕವರಿದ್ದಾಗ ಮೈಸೇರಿದ್ದು ಈಗ ಬಸಿರಿನ ಮಗುವಿಗೆ ದಾಟಲು ಕಾದು ಕೂತಿರುವುದು ಸಂಭವವಲ್ಲ.

ಹಾಗಾದರೆ ನೀವು ಓದಿದ ‘ಉಳಿದುಬಿಡುವ’ ರಾಸಾಯನಿಕಗಳು ಯಾವುವು? ಮುಖ್ಯವಾದವು ಕೆಲವೇ. ಮೊದಲನೆಯದು ಡಿಡಿಟಿ. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಹಿರಿಯರ ಮನೆಗೋಡೆಗಳಿಗೆಲ್ಲ ಅದನ್ನು ಹೊಡೆದಿದ್ದಾರೆ. 1989ರಲ್ಲಿ ಕೃಷಿಗೆ ಬಳಸುವುದು ನಿಂತಿತು. ಅದು ದೇಹದಲ್ಲಿ ಡಿಡಿಇ ಎಂಬ ರೂಪಕ್ಕೆ ತಿರುಗಿ ಕೊಬ್ಬಿನಲ್ಲಿ ಹಲವು ವರ್ಷ ಕೂರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿದ್ದ ಪಿಸಿಬಿಗಳು ಎರಡನೆಯವು. ಕಸ ಸುಡುವಾಗ ಹುಟ್ಟುವ ಡಯಾಕ್ಸಿನ್‌ಗಳು ಮೂರನೆಯವು. ನೀರು, ಎಣ್ಣೆ, ಕಲೆ ಅಂಟದ ಹಾಗೆ ಮಾಡಲು ಬಳಸುವ ಫ್ಲೋರಿನ್ ರಾಸಾಯನಿಕಗಳು, ಅಂದರೆ ಪಿಎಫ್‌ಎಎಸ್ ಗುಂಪು, ಕೊನೆಯವು. ಇವು ಕೊಬ್ಬಿನ ಬದಲು ರಕ್ತದ ಪ್ರೊಟೀನಿಗೆ ಅಂಟಿಕೊಂಡು ವರ್ಷಗಳ ಕಾಲ ಸುತ್ತುತ್ತಿರುತ್ತವೆ. ಎಲ್ಲವೂ ಮಾಸುಚೀಲ ದಾಟಿ ಮಗುವನ್ನು ಸೇರುತ್ತವೆ ಎನ್ನುವುದು ನಿಜ. ಗುಂಟೂರಿನ ಹೆಂಗಸಿನ ಮೈಯಲ್ಲೂ ಇವೆ, ನಾರ್ವೆಯ ಹೆಂಗಸಿನ ಮೈಯಲ್ಲೂ ಇವೆ. ಪ್ರಮಾಣ ಮಾತ್ರ ಬೇರೆ ಬೇರೆ.

ಇವು ಮಗುವಿನ ಉಸಿರಿಗೆ ಏನು ಮಾಡುತ್ತವೆ? ಅತಿಯಾದರೆ ಹಾನಿ ಖಂಡಿತ ಎನ್ನಲು 1979ರ ತೈವಾನಿನ ದುರಂತವೇ ಸಾಕು. ಅಲ್ಲಿ ಅಕ್ಕಿ ತೌಡಿನ ಎಣ್ಣೆ ಕಾಯಿಸುವ ಯಂತ್ರದಿಂದ ಪಿಸಿಬಿ ಸೋರಿ ಎಣ್ಣೆಗೆ ಬೆರೆಯಿತು. ಸುಮಾರು 2000 ಜನ ಕಾಯಿಲೆ ಬಿದ್ದರು. ಆ ಎಣ್ಣೆ ತಿಂದ ತಾಯಂದಿರಿಗೆ ಆಮೇಲೆ ಹುಟ್ಟಿದ ಕೂಸುಗಳಲ್ಲಿ ಬ್ರಾಂಕೈಟಿಸ್, ಅಂದರೆ ಶ್ವಾಸನಾಳದ ಉರಿಯೂತ, ಹೆಚ್ಚಾಗಿತ್ತು. ತಪ್ಪು ತೌಡಿನ ಎಣ್ಣೆಯದಲ್ಲ, ಅದಕ್ಕೆ ಬೆರೆತ ವಿಷದ್ದು. ಆದ್ದರಿಂದ ಅಡುಗೆಮನೆಯ ಎಣ್ಣೆ ಡಬ್ಬಿಯನ್ನೂ ಎಸೆಯಲು ಹೋಗಬೇಡಿ.

ನಮ್ಮ ನಿಮ್ಮಂಥವರ ಮೈಯಲ್ಲಿರುವ ಸಾಮಾನ್ಯ ಪ್ರಮಾಣದ ಬಗ್ಗೆ ಉತ್ತರ ಅಷ್ಟು ನೇರವಾಗಿಲ್ಲ. ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಡಿಡಿಇ ಅಳೆದು, ನಾಲ್ಕು ವರ್ಷದವರೆಗೆ ಅವರನ್ನು ಗಮನಿಸಿದರು. ಡಿಡಿಇ ಹೆಚ್ಚಿದ್ದವರಲ್ಲಿ ಉಬ್ಬಸವೂ ಹೆಚ್ಚು ಕಂಡಿತು. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಸುಮಾರು 870 ಮಕ್ಕಳನ್ನು ಇಪ್ಪತ್ತು ವರ್ಷ ಹಿಂಬಾಲಿಸಿದಾಗ, ಬಸಿರಿನಲ್ಲಿ ಕೆಲವು ಪಿಸಿಬಿಗಳು ಹೆಚ್ಚಿದ್ದ ತಾಯಂದಿರ ಮಕ್ಕಳು ಆಸ್ತಮಾ ಔಷಧಿಯನ್ನು ಹೆಚ್ಚಾಗಿ ಬಳಸಿದ್ದರು. ಅಲ್ಲಿ ಡಿಡಿಇಗೆ ಮಾತ್ರ ಅಂಥ ನಂಟು ಸಿಗಲಿಲ್ಲ. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಸಿಗದೆ ಹೋಗುವುದು ಈ ವಿಷಯದಲ್ಲಿ ಮಾಮೂಲು.

ಅದಕ್ಕೇ ಯೂರೋಪಿನ ಸಂಶೋಧಕರು ಏಳು ದೇಶಗಳ ಹತ್ತು ಅಧ್ಯಯನಗಳ 4608 ತಾಯಿ-ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ನಿಮಗೆ ಬೇಕಾದ ಉತ್ತರಕ್ಕೆ ಅತಿ ಹತ್ತಿರವಿರುವುದು ಇದು. ತಾಯಿಯ ಡಿಡಿಇ ಎರಡರಷ್ಟಾದಾಗ, ಒಂದೂವರೆ ವರ್ಷದೊಳಗಿನ ಕೂಸಿಗೆ ಬ್ರಾಂಕೈಟಿಸ್ ಅಥವಾ ಉಬ್ಬಸ ಬರುವ ಸಂಭವ ಶೇ 3ರಷ್ಟು ಏರಿತು. ಶೇ 3 ಅಂದರೆ ಎಷ್ಟು? ನೂರು ಮಕ್ಕಳಲ್ಲಿ ಮೂವತ್ತು ಮಕ್ಕಳಿಗೆ ಹೇಗಿದ್ದರೂ ಬರುತ್ತಿತ್ತು ಎಂದುಕೊಳ್ಳಿ, ಅದು ಮೂವತ್ತೊಂದು ಆಗುತ್ತದೆ. ಒಂದೂವರೆ ವರ್ಷ ದಾಟಿದ ಮೇಲಿನ ತೊಂದರೆಗಳಿಗೂ ಈ ರಾಸಾಯನಿಕಗಳಿಗೂ ಆ ಲೆಕ್ಕದಲ್ಲಿ ನಂಟೇ ಕಾಣಲಿಲ್ಲ. 2019ರಲ್ಲಿ ಆರು ದೇಶಗಳ 1033 ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಬಸಿರಿನಲ್ಲಿ ಎರಡು ಬಗೆಯ ಪಿಎಫ್‌ಎಎಸ್ ಹೆಚ್ಚಿದ್ದ ತಾಯಂದಿರ ಮಕ್ಕಳು ಶ್ವಾಸಕೋಶದ ಶಕ್ತಿ ಅಳೆಯುವ ಊದುವ ಪರೀಕ್ಷೆಯಲ್ಲಿ ಸ್ವಲ್ಪ ಹಿಂದಿದ್ದರು. ನೂರಾರು ಅಂಶಗಳನ್ನು ಒಟ್ಟಿಗೆ ಜರಡಿ ಹಿಡಿದಾಗ ಸಿಕ್ಕ ಸುಳಿವು ಅದು. ಆ ಸಂಶೋಧಕರೂ ಅದನ್ನು ತೀರ್ಪೆಂದು ಹೇಳಲಿಲ್ಲ.

ಇದನ್ನೆಲ್ಲ ಓದಿ ‘ಹಾಗಾದರೆ ಏನೂ ಇಲ್ಲ’ ಅನ್ನಬೇಕಿಲ್ಲ. ಕೋಟಿಗಟ್ಟಲೆ ಮಕ್ಕಳಿರುವ ದೇಶಕ್ಕೆ ಶೇ 3 ದೊಡ್ಡ ಸಂಖ್ಯೆಯೇ. ಸರ್ಕಾರಗಳು ಕಾನೂನು ಮಾಡಬೇಕಾದದ್ದು ಅದಕ್ಕಾಗಿ. 2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲ ಪಟ್ಟಿಯಲ್ಲೇ ಹನ್ನೆರಡು ಇಂಥ ರಾಸಾಯನಿಕಗಳನ್ನು ಹೆಸರಿಸಿತು, ಭಾರತ 2006ರಲ್ಲಿ ಅದಕ್ಕೆ ಒಪ್ಪಿತು. ಆದರೆ ಒಂದು ಮನೆಯಲ್ಲಿ, ಒಬ್ಬ ಮಗನಲ್ಲಿ, ಇದೇ ಕಾರಣ ಎಂದು ಬೊಟ್ಟು ಮಾಡಲು ಆ ಸಂಖ್ಯೆಯಿಂದ ಆಗುವುದಿಲ್ಲ. ನಾಲ್ಕು ವರ್ಷವಾದರೂ ನಿಲ್ಲದ, ಶೀತದ ಜೊತೆ ಬರುವ, ಹೊಗೆಗೆ ಹೆಚ್ಚುವ ಉಬ್ಬಸಕ್ಕೆ ಇದಕ್ಕಿಂತ ಹತ್ತಿರದ ಕಾರಣಗಳಿವೆ.

ಹೊಣೆಯ ಮಾತೂ ಆಡಿಬಿಡೋಣ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ತೋಟದ ಮೇಲೆ ಏನು ಸುರಿಯಬೇಕೆಂದು ಪುಟ್ಟ ಹುಡುಗಿಯನ್ನು ಯಾರೂ ಕೇಳಲಿಲ್ಲ. ಗೋಡೆಗೆ ಏನು ಹೊಡೆಯಬೇಕೆಂದು ನಿಮ್ಮ ಅಜ್ಜಿಯನ್ನೂ ಕೇಳಲಿಲ್ಲ. ನಿರ್ಧಾರ ಮಾಡಿದವರು ಬೇರೆ ಕಡೆ ಇದ್ದರು, ತಡೆದದ್ದೂ ಊರವರ ಹೋರಾಟ ಮತ್ತು ನ್ಯಾಯಾಲಯ. ಮಗುವಿಗೆ ಏನಾದರೂ ಆದರೆ ‘ಬಸಿರಿನಲ್ಲಿ ಏನು ತಿಂದಿದ್ದೆ’ ಎಂದು ತಾಯಿಯನ್ನು ಕೇಳುವ ಅಭ್ಯಾಸ ನಮ್ಮಲ್ಲಿ ಮೊದಲೇ ಇದೆ. ಈಗ ಅದಕ್ಕೆ ವಿಜ್ಞಾನದ ಹೆಸರು ಸಿಕ್ಕಿದೆ, ಅಷ್ಟೇ. ನಿಮ್ಮ ತವರಿನಲ್ಲಿ ಎಂಡೋಸಲ್ಫಾನ್ ಸಂತ್ರಸ್ತರೆಂದು ಗುರುತಾಗಬೇಕಾದ ಮಕ್ಕಳು ಯಾರಾದರೂ ಉಳಿದಿದ್ದರೆ, ಸರ್ಕಾರದ ಮಾಸಾಶನಕ್ಕೆ ಅವರ ಹೆಸರು ಸೇರಿಸಲು ನೆರವಾಗಿ. ನಿಮ್ಮ ಸಿಟ್ಟಿಗೆ ಅದು ಒಳ್ಳೆಯ ಕೆಲಸ.

ಈಗ ಶ್ವಾಸಕೋಶದ ಮಾತಿಗೆ ಬರೋಣ, ನಿಮಗೆ ಧೈರ್ಯ ಕೊಡುವ ಸಂಗತಿ ಅಲ್ಲಿದೆ. ಶ್ವಾಸಕೋಶವನ್ನು ಒಂದು ಹಲಸಿನ ಮರ ಎಂದುಕೊಂಡರೆ, ಕಾಂಡ ಕೊಂಬೆಗಳು ಬಸಿರಿನ ನಾಲ್ಕನೇ ತಿಂಗಳ ಹೊತ್ತಿಗೆ ಬಹುತೇಕ ಮೂಡಿರುತ್ತವೆ. ಎಲೆಗಳು, ಅಂದರೆ ಗಾಳಿ ತುಂಬಿಕೊಳ್ಳುವ ಸಣ್ಣ ಚೀಲಗಳು, ಹೆಚ್ಚಾಗಿ ಚಿಗುರುವುದು ಹುಟ್ಟಿದ ಮೇಲೆ. ದೊಡ್ಡವರಲ್ಲಿ ಅವು 30 ಕೋಟಿಗೂ ಹೆಚ್ಚು, ಹುಟ್ಟುವಾಗ ಇರುವುದು ಅದರ ಸಣ್ಣದೊಂದು ಪಾಲು. ಮೊದಲ ಎರಡು ಮೂರು ವರ್ಷಗಳಲ್ಲಿ ಅವು ಭರದಿಂದ ಹೆಚ್ಚುತ್ತವೆ, ಆಮೇಲೂ ಬೆಳವಣಿಗೆ ನಿಲ್ಲುವುದಿಲ್ಲ. ಬರುವ ಮಗುವಿನ ಶ್ವಾಸಕೋಶದ ಬಹುದೊಡ್ಡ ಭಾಗ ನಿಮ್ಮ ಮನೆಯ ಗಾಳಿಯಲ್ಲಿ, ನಿಮ್ಮ ಕಣ್ಣೆದುರಿಗೇ ಬೆಳೆಯಲಿದೆ. ನಿಮ್ಮ ಮಗನದೂ ಇನ್ನೂ ಬೆಳೆಯುತ್ತಿದೆ.

ಆದ್ದರಿಂದ ಆ ಮನೆಯ ಗಾಳಿ ಹೇಗಿದೆ ಎಂದು ನೋಡೋಣ. ಬಚ್ಚಲ ಒಲೆಯ ಮುಂದೆ ಕೂತಾಗ ಕೆಮ್ಮು ಹೆಚ್ಚುವುದು ಚಳಿಗಲ್ಲ, ಹೊಗೆಗೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ಹಂಡೆ ಕಟ್ಟಿಗೆಯಲ್ಲೇ ಕಾಯುತ್ತದೆ. ಮಳೆಗಾಲದಲ್ಲಿ ಒದ್ದೆ ಸೌದೆ ಹತ್ತಿಕೊಳ್ಳಲು ಪ್ಲಾಸ್ಟಿಕ್ ಕೊಟ್ಟೆ, ರಬ್ಬರ್ ಟ್ಯೂಬಿನ ಚೂರು, ಹರಿದ ಚಪ್ಪಲಿ, ಪೈಪಿನ ತುಂಡು ಹಾಕುವುದನ್ನು ನೀವೂ ನೋಡಿರುತ್ತೀರಿ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಟ್ಟಾಗ ಹುಟ್ಟುವುದೇ ಡಯಾಕ್ಸಿನ್, ಸ್ಟಾಕ್‌ಹೋಮ್ ಪಟ್ಟಿಯ ಮೊದಲ ಹನ್ನೆರಡರಲ್ಲಿ ಒಂದು. ನೀವು ಯಾವ ಬಗೆಯ ರಾಸಾಯನಿಕಕ್ಕೆ ಹೆದರಿ ನಿದ್ದೆಗೆಟ್ಟಿದ್ದೀರೋ, ಅದು ನಿಮ್ಮ ಮನೆಯಲ್ಲಿ ಹೊಸದಾಗಿ ತಯಾರಾಗುವ ಜಾಗವೊಂದಿದ್ದರೆ ಅದು ಪ್ಲಾಸ್ಟಿಕ್ ಬಿದ್ದ ಒಲೆಯ ಬಾಯಿ. ಇದನ್ನು ನಾಳೆಯೇ ನಿಲ್ಲಿಸಬಹುದು, ಖರ್ಚೂ ಇಲ್ಲ. ಒಲೆ ಹತ್ತಿಸಲು ತೆಂಗಿನ ಸೋಗೆ, ಕೊತ್ತಳಿಗೆ, ಗೆರಟೆ ಒಣಗಿಸಿಟ್ಟುಕೊಳ್ಳಿ. ಒಲೆ ಉರಿಯುವಾಗ ಮಗನೂ ನೀವೂ ಬಚ್ಚಲ ಕಡೆ ಸುಳಿಯಬೇಡಿ. ಸಾಧ್ಯವಾದರೆ ಹೊಗೆಕೊಳವೆ ಇರುವ ಒಲೆ, ಇನ್ನೂ ಸಾಧ್ಯವಾದರೆ ಸೋಲಾರ್ ಅಥವಾ ಗ್ಯಾಸ್ ಗೀಸರ್. ಗ್ಯಾಸ್ ಗೀಸರ್ ಆದರೆ ಬಚ್ಚಲಿನಲ್ಲಿ ಗಾಳಿ ಚೆನ್ನಾಗಿ ಆಡಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸೌದೆ ಒಲೆ ಬಿಟ್ಟು ಗ್ಯಾಸಿಗೆ ಬಂದರೆ ಎಲ್ಲ ಸರಿಹೋಗುತ್ತದೆಂಬ ಭರವಸೆ ನಾನು ಕೊಡಲಾರೆ. ನಮ್ಮ ತಮಿಳುನಾಡಿನಲ್ಲೂ ಬೇರೆ ಮೂರು ದೇಶಗಳಲ್ಲೂ ಗರ್ಭಿಣಿಯರ ಮನೆಗೆ ಗ್ಯಾಸ್ ಒಲೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ, ಕೂಸುಗಳ ತೀವ್ರ ನ್ಯುಮೋನಿಯಾ ಕಡಿಮೆಯಾಗಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಆದರೆ ನಿಮ್ಮ ಮಗನ ವಿಷಯವೇ ಬೇರೆ. ಅವನ ಶ್ವಾಸನಾಳ ಈಗಾಗಲೇ ಕೆರಳಿದೆ, ಹೊಗೆಗೆ ಕೆಮ್ಮುತ್ತಿದ್ದಾನೆ ಎಂದು ನೀವೇ ಕಣ್ಣಾರೆ ಕಂಡಿದ್ದೀರಿ. ಅದಕ್ಕೆ ಯಾವ ಪ್ರಯೋಗದ ಸಾಕ್ಷಿಯೂ ಬೇಕಿಲ್ಲ.

ಉಳಿದ ಹೊಗೆಗಳನ್ನೂ ಎಣಿಸಿ. ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಾರೆಯೇ? ನೀವು ಬರೆದಿಲ್ಲ, ನಾನು ಕೇಳುತ್ತಿದ್ದೇನೆ. ಬಸಿರಿನಲ್ಲಿ ಮತ್ತು ಹುಟ್ಟಿದ ಮೇಲೆ ತಂಬಾಕಿನ ಹೊಗೆ ಉಬ್ಬಸ ತರುತ್ತದೆ ಎನ್ನುವುದಕ್ಕೆ ಇರುವಷ್ಟು ಗಟ್ಟಿ ಪುರಾವೆ ಡಿಡಿಟಿಗಾಗಲಿ ಪಿಸಿಬಿಗಾಗಲಿ ಇಲ್ಲ. ಜಗಲಿಯಲ್ಲಿ ಸೇದಿ ಒಳಗೆ ಬಂದರೂ ಬಟ್ಟೆಯಲ್ಲಿ ಅಂಟಿಕೊಂಡು ಬರುತ್ತದೆ. ಬಿಡುವುದೊಂದೇ ದಾರಿ. ಸೊಳ್ಳೆ ಬತ್ತಿ ಹಚ್ಚುತ್ತೀರಾ? ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಎಂದು ಲೆಕ್ಕ ಹಾಕಿದ್ದಾರೆ. ಸೊಳ್ಳೆ ಪರದೆ ಕಟ್ಟಿ. ರಬ್ಬರ್ ಶೀಟು ಒಣಗಿಸುವ ಹೊಗೆಗೂಡು ಮನೆಗೆ ಅಂಟಿಕೊಂಡಿದ್ದರೆ ದೂರ ಸರಿಸಲು ಗಂಡನಿಗೆ ಹೇಳಿ. ತೋಟಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಿನ ನೀವೂ ಮಗನೂ ಅತ್ತ ಹೋಗಬೇಡಿ. ಅದು ಡಿಡಿಟಿಯ ಜಾತಿಯದಲ್ಲ. ಆದರೆ ವರ್ಷಾನುಗಟ್ಟಲೆ ಅದನ್ನು ಸಿಂಪಡಿಸಿದ ಪೋರ್ಚುಗಲ್‌ನ ದ್ರಾಕ್ಷಿ ತೋಟದ ಕೂಲಿಗಳ ಶ್ವಾಸಕೋಶ ಹಾಳಾದದ್ದನ್ನು ವೈದ್ಯರು 1969ರಲ್ಲೇ ಬರೆದಿಟ್ಟಿದ್ದಾರೆ. ಹೊಡೆಯುವವರು ಮುಖಗವಸು ಹಾಕಿಕೊಳ್ಳಬೇಕು, ಆಗ ತೊಟ್ಟ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಒಗೆಯಬಾರದು.

ಬಾಣಂತನದಲ್ಲಿ ಇನ್ನೊಂದು ಹೊಗೆ ಕಾದಿರುತ್ತದೆ. ಕೂಸಿಗೆ ಎಣ್ಣೆ ನೀರು ಹಾಕಿ, ಕೆಂಡಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ತಲೆಗೆ ಹೊಗೆ ಹಿಡಿಯುವುದು. ಎಣ್ಣೆ ನೀರು ಹಾಕಲಿ, ಬೆಚ್ಚಗೆ ಸುತ್ತಲಿ, ಕೂಸಿಗೆ ಹಾಡು ಹೇಳಲಿ. ಹೊಗೆ ಒಂದು ಬೇಡ. ಈಗಲೇ, ಹೆರಿಗೆಗೆ ಮುಂಚೆಯೇ, ತಾಯಿಗೂ ಅತ್ತೆಗೂ ಹೇಳಿಟ್ಟಿರಿ. ಹಸಿ ಬಾಣಂತಿಯಾಗಿ ಜಗಳ ಆಡುವುದು ಕಷ್ಟ.

ಎದೆಹಾಲಿನ ಬಗ್ಗೆ ಹೆದರಬೇಡಿ. ಕೊಬ್ಬಿನಲ್ಲಿ ಕರಗುವ ರಾಸಾಯನಿಕಗಳು ಹಾಲಿನಲ್ಲೂ ಸ್ವಲ್ಪ ಹೋಗುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೇಶದೇಶಗಳ ತಾಯಂದಿರ ಹಾಲನ್ನು ಪರೀಕ್ಷಿಸುತ್ತ ಬಂದಿದೆ. ಆ ಫಲಿತಾಂಶಗಳನ್ನೆಲ್ಲ ನೋಡಿದ ಮೇಲೂ ಆರು ತಿಂಗಳು ಎದೆಹಾಲೊಂದೇ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಕೊಡಿ ಎಂದೇ ಅದರ ಸಲಹೆ. ನ್ಯುಮೋನಿಯಾ, ಭೇದಿಯಿಂದ ಕೂಸನ್ನು ಕಾಯುವ ಶಕ್ತಿ ಆ ಹಾಲಿಗೆ ಇದೆ. ಡಬ್ಬಿ ಹಾಲಿಗೆ ಇಲ್ಲ. ಇನ್ನೊಂದು ಮಾತು: ಹಾಲೂಡಿದಷ್ಟೂ ತಾಯಿಯ ಮೈಯಲ್ಲಿರುವ ಈ ಹೊರೆ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಎರಡನೆಯ ಮಗುವಿಗೆ ಸಿಗುವುದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಕಡಿಮೆ. ಇದನ್ನು ಓದಿ ಮೊದಲನೆಯವನಿಗೆ ಕೊಟ್ಟ ಹಾಲಿನ ಬಗ್ಗೆ ಕೊರಗಲು ಕೂರಬೇಡಿ. ಆ ಹಾಲು ಅವನನ್ನು ಕಾಪಾಡಿದೆ.

ದೇಹ ಶುದ್ಧಿಯ ಕಷಾಯ, ಉಪವಾಸ ಇವೆಲ್ಲ ಬಸಿರಿನಲ್ಲಿ ಅಪಾಯ. ಕೊಬ್ಬಿನಲ್ಲಿ ಸುಮ್ಮನೆ ಕೂತಿರುವ ರಾಸಾಯನಿಕ, ಮೈ ಬೇಗ ಕರಗಿಸಿದರೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ನೀವು ಓಡಿಸಲು ಹೊರಟದ್ದನ್ನೇ ಮಗುವಿನ ಕಡೆಗೆ ಕಳಿಸಿದಂತಾಗುತ್ತದೆ. ಹೊತ್ತುಹೊತ್ತಿಗೆ ಊಟ ಮಾಡಿ, ಕಬ್ಬಿಣದ ಮಾತ್ರೆ ನುಂಗಿ, ಬಸಿರಿಗೆ ತಕ್ಕಂತೆ ತೂಕ ಏರಲಿ. ರಕ್ತ ಪರೀಕ್ಷೆ ಬೇಡ ಎನ್ನಲೂ ಕಾರಣವಿದೆ: ಡಿಡಿಇ ಇಷ್ಟಿದ್ದರೆ ಮಗುವಿಗೆ ಉಬ್ಬಸ ಬರುತ್ತದೆ, ಇಷ್ಟಿದ್ದರೆ ಇಲ್ಲ ಎನ್ನುವ ಗೆರೆ ಯಾರೂ ಎಳೆದಿಲ್ಲ. ಸಂಖ್ಯೆ ಕೈಗೆ ಬಂದರೂ ಅದಕ್ಕೆ ಔಷಧಿ ಇಲ್ಲ, ಚಿಂತೆಯಷ್ಟೇ ಹೆಚ್ಚುತ್ತದೆ.

ಮೀನನ್ನು ಬಿಟ್ಟದ್ದು ನಷ್ಟ. ಕೋಪನ್‌ಹೇಗನ್‌ನಲ್ಲಿ 736 ಗರ್ಭಿಣಿಯರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೊನೆಯ ಮೂರು ತಿಂಗಳು ಮೀನೆಣ್ಣೆ ತೆಗೆದುಕೊಂಡವರ ಮಕ್ಕಳಲ್ಲಿ ಬಿಡದೆ ಕಾಡುವ ಉಬ್ಬಸ ಅಥವಾ ಆಸ್ತಮಾ ಶೇ 16.9 ಇತ್ತು, ಹೋಲಿಕೆಗಾಗಿ ಬೇರೆ ಎಣ್ಣೆ ತೆಗೆದುಕೊಂಡವರ ಮಕ್ಕಳಲ್ಲಿ ಶೇ 23.7. ಅಲ್ಲಿ ಕೊಟ್ಟದ್ದು ದೊಡ್ಡ ಪ್ರಮಾಣ. ಆದ್ದರಿಂದ ನೀವೇ ಅಂಗಡಿಗೆ ಹೋಗಿ ಮಾತ್ರೆ ತರಬೇಡಿ, ಬೇಕೇ ಎಂದು ಹೆರಿಗೆ ಡಾಕ್ಟರನ್ನು ಕೇಳಿ. ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ವಾರಕ್ಕೆರಡು ಸಲ ಸಾರು ಮಾಡಿ ಉಣ್ಣಿ. ಸಣ್ಣ ಮೀನುಗಳಲ್ಲಿ ಪಾದರಸವೂ ಈ ರಾಸಾಯನಿಕಗಳೂ ಕಡಿಮೆ. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನು ಬೇಡ. ನಾನ್‌ಸ್ಟಿಕ್ ಬಾಣಲೆ ಎಸೆದದ್ದಕ್ಕೆ ಬೇಸರವೂ ಬೇಡ, ಸಮಾಧಾನವೂ ಬೇಡ. ಅದರ ಲೇಪ ಗಟ್ಟಿ ವಸ್ತು, ಖಾಲಿ ಬಾಣಲೆಯನ್ನು ಅತಿಯಾಗಿ ಕಾಯಿಸದಿದ್ದರೆ ದೊಡ್ಡ ತೊಂದರೆಯಿಲ್ಲ. ಅಜ್ಜಿಯ ಕಾಲದ ಕಬ್ಬಿಣದ ಕಾವಲಿ ಅಟ್ಟದಲ್ಲಿದ್ದರೆ ಇಳಿಸಿಕೊಳ್ಳಿ. ದೋಸೆಯೂ ಚೆನ್ನ, ಮೈಗೆ ಕಬ್ಬಿಣವೂ ಸಿಕ್ಕೀತು.

ಲಸಿಕೆ ತಪ್ಪಿಸಬೇಡಿ. ಉತ್ತರ ಅಟ್ಲಾಂಟಿಕ್ ಸಮುದ್ರದ ಫಾರೋ ದ್ವೀಪಗಳಲ್ಲಿ, ಪಿಎಫ್‌ಎಎಸ್ ಹೆಚ್ಚಿದ್ದ ಮಕ್ಕಳಲ್ಲಿ ಧನುರ್ವಾಯು, ಗಂಟಲಮಾರಿ ಲಸಿಕೆಗೆ ಹುಟ್ಟುವ ಪ್ರತಿಕಾಯಗಳು ಕಡಿಮೆ ಇದ್ದವೆಂದು 2012ರಲ್ಲಿ ತಿಳಿಯಿತು. ಅಂಥ ಹೊರೆ ಇದ್ದರೂ ಇರಲಿ ಎಂದು ಲಸಿಕೆಯನ್ನು ಹೊತ್ತಿಗೆ ಸರಿಯಾಗಿ, ಒಂದೂ ಬಿಡದೆ ಹಾಕಿಸುವುದೇ ಜಾಣತನ. ನ್ಯುಮೊಕಾಕಸ್ ಲಸಿಕೆ 2021ರಿಂದ ದೇಶದ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ನೀವು ಬಸಿರಿನಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡರೆ ಮೊದಲ ತಿಂಗಳುಗಳಲ್ಲಿ ಕೂಸಿಗೂ ರಕ್ಷಣೆ. ಮಗನಿಗೂ ಮಳೆಗಾಲದ ಮೊದಲು ಕೊಡಿಸುವ ಬಗ್ಗೆ ಕೇಳಿ.

ಕೊನೆಗೆ ಮಗನ ಇನ್‌ಹೇಲರ್. ದಿನಾ ತೆಗೆದುಕೊಳ್ಳಲು ಕೊಡುವ ಇನ್‌ಹೇಲರಿನಲ್ಲಿರುವುದು ಸಾಮಾನ್ಯವಾಗಿ ಶ್ವಾಸನಾಳದ ಊತ ಇಳಿಸುವ ಸ್ಟೆರಾಯ್ಡ್, ತೀರಾ ಸಣ್ಣ ಪ್ರಮಾಣದಲ್ಲಿ, ನೇರ ಎದೆಗೆ ಹೋಗುವಂಥದು. ಅದಕ್ಕೆ ಚಟ ಹಿಡಿಯುವುದಿಲ್ಲ. ದಿನಾ ಕೊಟ್ಟರೆ ಆಸ್ಪತ್ರೆಗೆ ಓಡುವುದು ಕಡಿಮೆಯಾಗುತ್ತದೆ. ಜೋರಾದಾಗ ಮಾತ್ರ ಕೊಟ್ಟರೆ ಅದು ಕೆಲಸ ಮಾಡುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಸ್ಪೇಸರ್ ಹಾಕಿ ಕೊಡಿ, ಆಮೇಲೆ ಬಾಯಿ ಮುಕ್ಕಳಿಸಲಿ. ಮುಂದೇನು ಎಂಬ ಭಯಕ್ಕೆ ಒಂದು ಲೆಕ್ಕ: ಅಮೆರಿಕದ ಟೂಸಾನ್‌ನಲ್ಲಿ 800ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಗಮನಿಸಿದಾಗ, ಮೂರು ವರ್ಷದೊಳಗೆ ಉಬ್ಬಸ ಬಂದವರಲ್ಲಿ ಹೆಚ್ಚಿನವರಿಗೆ ಆರು ವರ್ಷದ ಹೊತ್ತಿಗೆ ಅದು ನಿಂತಿತ್ತು. ನಿಮ್ಮವನು ಯಾವ ಗುಂಪಿಗೆ ಸೇರುತ್ತಾನೆಂದು ಈಗಲೇ ಹೇಳಲಾಗದು. ಅಲ್ಲಿಯವರೆಗೆ ಉಸಿರು ಸಲೀಸಾಗಿರುವಂತೆ ನೋಡಿಕೊಳ್ಳುವುದು ನಮ್ಮ ಕೈಲಿದೆ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ಇನ್‌ಹೇಲರ್ ಹೇಗೆ ಕೊಡುತ್ತೀರೆಂದು ಅಲ್ಲೇ ಕೊಟ್ಟು ತೋರಿಸಿ, ಅತ್ತೆಯ ಪ್ರಶ್ನೆಯನ್ನು ಅತ್ತೆಯೇ ಕೇಳಲಿ. ನಿಮ್ಮ ಬಾಯಿಂದ ಕೇಳಿ ನಂಬದ್ದನ್ನು ಡಾಕ್ಟರ ಬಾಯಿಂದ ಕೇಳಿ ನಂಬಬಹುದು.

ಒಂದು ವೇಳೆ ಮಗ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಮಾತಾಡಲು, ಉಣ್ಣಲು ಆಗದಿದ್ದರೆ, ತುಟಿ ನೀಲಿಯಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಆ ಲೆಕ್ಕ 60, ಆಮೇಲೆ ಒಂದು ವರ್ಷದವರೆಗೆ 50.

ನಿಮ್ಮ ನಿದ್ದೆಯ ವಿಷಯ ಮರೆತಿಲ್ಲ. ಮಲಗುವ ಮುನ್ನ ಫೋನಿನಲ್ಲಿ ರಾಸಾಯನಿಕಗಳ ಬಗ್ಗೆ ಹುಡುಕುವುದನ್ನು ಇವತ್ತೇ ನಿಲ್ಲಿಸಿ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಅಳು ಬರುತ್ತಲೇ ಇದ್ದರೆ, ಹೆರಿಗೆ ಡಾಕ್ಟರಿಗೆ ಹೇಳಿ. ಇಲ್ಲವೇ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬಸಿರಿನ ಆತಂಕಕ್ಕೂ ಚಿಕಿತ್ಸೆ ಇದೆ. ಅದನ್ನು ಪಡೆಯುವುದು ನಿಮಗೂ ಒಳ್ಳೆಯದು, ಹುಟ್ಟುವ ಮಗುವಿಗೂ ಒಳ್ಳೆಯದು.